ಎಸ್ಪೆರಾಂಟೊ ಕಲಿಯುವಾಗ ಯಾವ ನಿಯಮ ಬಿಗಿ, ಯಾವುದು ಸಡಿಲ: ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಧಾರವಾಡದ ಹುಡುಗರಿಗೆ ಎರಡು ಕನ್ನಡ ಬರುತ್ತದೆ. ಮನೆಯಲ್ಲಿ "ಹೋಗೂಣು ಬಾ", ಪರೀಕ್ಷೆಯ ಪೇಪರಿನಲ್ಲಿ "ಹೋಗೋಣ ಬಾ". ಯಾವುದು ಎಲ್ಲಿ ಅಂತ ಯಾರೂ ಹೇಳಿಕೊಡುವುದಿಲ್ಲ, ಕಿವಿಗೇ ಗೊತ್ತಾಗುತ್ತದೆ. ಬೇರೆ ಬೇರೆ ದೇಶದವರು ಮಾತಾಡಿಕೊಳ್ಳಲೆಂದು ಕಟ್ಟಿದ ಎಸ್ಪೆರಾಂಟೊದಂಥ ಭಾಷೆ ಕಲಿಯಲು ಕೂತಾಗ ಆ ಕಿವಿ ಇರುವುದಿಲ್ಲ. ಮುಂದಿರುವುದು ಬರೀ ನಿಯಮಗಳ ಪಟ್ಟಿ. ಹಾಗಾಗಿ ಕೆಲವರು ಪ್ರತಿ ಪ್ರತ್ಯಯಕ್ಕೂ ಹೆದರಿ ಬಾಯಿ ಬಿಡುವುದೇ ಇಲ್ಲ. ಇನ್ನು ಕೆಲವರು "ಹೇಗೂ ಒಬ್ಬ ಮನುಷ್ಯ ಕೂತು ಮಾಡಿದ ಭಾಷೆ, ನಾನೂ ನಾಲ್ಕು ಕಡೆ ತಿದ್ದಿದರೆ ಏನಾಯ್ತು" ಎಂದು ಮೊದಲ ವಾರವೇ ಕೈ ಹಚ್ಚುತ್ತಾರೆ.

ನನ್ನ ಮಾತು ಇಷ್ಟೇ. ಈ ಭಾಷೆಯ ನಿಜವಾದ ನಿಯಮಗಳು ಬಹಳ ಕಡಿಮೆ. ಅವನ್ನು ಗಟ್ಟಿಯಾಗಿ ಹಿಡಿಯಬೇಕು. ಆದರೆ ನಾವು ನಿಯಮ ಅಂದುಕೊಂಡ ಎಷ್ಟೋ ಸಂಗತಿ ಇಂಗ್ಲಿಷಿನ ರೂಢಿ. ಕನ್ನಡದಲ್ಲಿ ಪಾಠ ಸಿಗುವುದು ಕಷ್ಟ, ಹಾಗಾಗಿ ನಾವೆಲ್ಲ ಇಂಗ್ಲಿಷಿನ ಮೂಲಕವೇ ಕಲಿಯುತ್ತೇವೆ. ಅದರ ಜೊತೆಗೆ ಇಂಗ್ಲಿಷಿನ ಅಭ್ಯಾಸಗಳೂ ಸುಮ್ನೆ ಒಳಗೆ ಬರುತ್ತವೆ. ಅವನ್ನು ಧೈರ್ಯವಾಗಿ ಬಿಡಬಹುದು.

ಉದಾಹರಣೆಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಭಾಷೆಯ ಹೆಸರನ್ನು ರೂಢಿಯಂತೆ ಎಸ್ಪೆರಾಂಟೊ ಎಂದೇ ಬರೆದಿದ್ದೇನೆ, ಉದಾಹರಣೆಗಳಲ್ಲಿ ಮಾತ್ರ ತ, ದ ಬಳಸಿದ್ದೇನೆ. ನೀವೂ ಓದುವಾಗ ಟ, ಡ ಬೇಡ. ಪದದ ಕೊನೆಯಿಂದ ಎರಡನೇ ಸ್ವರಕ್ಕೆ ಒತ್ತು ಕೊಡಿ. ಇದಕ್ಕೆ ಅಪವಾದವೇ ಇಲ್ಲ ಅಂದುಕೊಂಡರೂ ನಡೆಯುತ್ತದೆ. "ತ್ಸ" ಎಂಬ ಧ್ವನಿ ಮರಾಠಿ ಬಲ್ಲವರಿಗೆ ಹೊಸದಲ್ಲ, ಗಂಟಲಿನ "ಖ಼" ಹುಬ್ಬಳ್ಳಿಯ ಉರ್ದು ಮಾತಾಡುವವರಿಗೆ ಹೊಸದಲ್ಲ. ನಮ್ಮ ಊರಲ್ಲಿ ಹುಟ್ಟಿದ್ದಕ್ಕೆ ಇದು ಒಂದು ಲಾಭ.

ಹೆಜ್ಜೆ 1: ನಿಯಮ ಎಲ್ಲಿಂದ ಬಂತು ಎಂದು ಮೊದಲು ತಿಳಿಯಿರಿ

ಪೋಲೆಂಡಿನ ಕಣ್ಣಿನ ಡಾಕ್ಟರ್ ಜಾಮೆನ್‌ಹೋಫ್ 1887ರಲ್ಲಿ ವಾರ್ಸಾದಲ್ಲಿ ತಾವು ಕಟ್ಟಿದ ಎಸ್ಪೆರಾಂಟೊವನ್ನು ಪರಿಚಯಿಸುವ ಒಂದು ಸಣ್ಣ ಪುಸ್ತಕ ತಂದರು. ಭಾಷೆ ಎಲ್ಲರ ಸ್ವತ್ತು, ತನ್ನದಲ್ಲ ಎಂದು ಅದರಲ್ಲೇ ಬರೆದು ಹಕ್ಕು ಬಿಟ್ಟುಕೊಟ್ಟರು. ಅದಕ್ಕೆ ಸ್ವಲ್ಪ ಮೊದಲು ವೋಲಾಪ್ಯುಕ್ ಎಂಬ ಇನ್ನೊಂದು ಕಟ್ಟಿದ ಭಾಷೆ ಯುರೋಪಿನಲ್ಲಿ ಜೋರಾಗಿ ಹಬ್ಬಿತ್ತು. ಅದನ್ನು ಕಟ್ಟಿದ ಜರ್ಮನ್ ಪಾದ್ರಿ ಶ್ಲೈಯರ್ ಕೊನೆಯ ಮಾತು ತನ್ನದೇ ಆಗಬೇಕೆಂದು ಹಟ ಹಿಡಿದರು, ಅನುಯಾಯಿಗಳು ತಿದ್ದುಪಡಿ ಬೇಕೆಂದು ಹಟ ಹಿಡಿದರು. ಜಗಳದಲ್ಲಿ ಭಾಷೆಯೇ ಸೊರಗಿತು.

ಎಸ್ಪೆರಾಂಟೊಗೂ ಆ ಗಂಡಾಂತರ ಬಂದಿತ್ತು. 1894ರಲ್ಲಿ ಜಾಮೆನ್‌ಹೋಫ್ ಅವರೇ ದೊಡ್ಡ ತಿದ್ದುಪಡಿಗಳನ್ನು ಎಸ್ಪೆರಾಂಟೊ ಪತ್ರಿಕೆಯ ಚಂದಾದಾರರ ಮತಕ್ಕೆ ಹಾಕಿದರು. ಟೊಪ್ಪಿಗೆ ಇಟ್ಟ ಅಕ್ಷರ (ĉ, ŝ ಥರ ತಲೆಯ ಮೇಲೆ ಗುರುತಿರುವ ರೋಮನ್ ಅಕ್ಷರ) ತೆಗೆಯುವುದು, ಕರ್ಮದ "ನ್" ಪ್ರತ್ಯಯ ತೆಗೆಯುವುದು ಎಲ್ಲ ಅದರಲ್ಲಿತ್ತು. ಬಹುಮತ ಬೇಡ ಎಂದಿತು. 1905ರಲ್ಲಿ ಫ್ರಾನ್ಸಿನ ಬುಲೋನ್‌ನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆದು, "ಫ಼ುಂದಾಮೆಂತೊ" ಎಂಬ ಗ್ರಂಥವನ್ನು ಯಾರೂ ಮುಟ್ಟಬಾರದು, ಬರೆದವರೂ ಮುಟ್ಟಬಾರದು ಎಂದು ಒಪ್ಪಿದರು. ಅದರಲ್ಲಿ ಪ್ರಸಿದ್ಧ 16 ನಿಯಮಗಳಿವೆ, ಅಭ್ಯಾಸ ಪಾಠಗಳಿವೆ, ಒಂದು ಪದಕೋಶವಿದೆ. 1907ರಲ್ಲಿ ಒಂದು ಗುಂಪು ಹೊರಗೆ ಹೋಗಿ "ಇದೊ" ಎಂಬ ತಿದ್ದಿದ ಭಾಷೆ ಮಾಡಿತು. ಇವತ್ತು ಹೊಸದಾಗಿ ಕಲಿಯುವವರಿಗೆ ಹೊಳೆಯುವ ಸುಧಾರಣೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಗಲೇ ಯೋಚಿಸಿ, ಮತ ಹಾಕಿ, ಪ್ರಯೋಗ ಮಾಡಿ ಮುಗಿದಿವೆ.

ಕನ್ನಡದಲ್ಲಿ ನಡೆದದ್ದು ಇದರ ಉಲ್ಟಾ. 9ನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ಊರುಗಳಲ್ಲಿ ಪುಲಿಗೆರೆಯನ್ನು ಎಣಿಸುತ್ತದೆ. ಅಂದರೆ ನಮ್ಮ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಅದೇ ಗ್ರಂಥ, ಕನ್ನಡಗಳ ದೇಸಿ ಬೇರೆ ಬೇರೆ, ಅವುಗಳ ದೋಷ ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತು ಎನ್ನುತ್ತದೆ. ಮೊದಲು ಜನ ಮಾತಾಡಿದರು, ವ್ಯಾಕರಣ ಹಿಂದಿನಿಂದ ಬಂತು. ನಾನು ತಪ್ಪಿ ಮಾತಾಡಿದರೂ ಎದುರಿನ ಕನ್ನಡಿಗನ ಕಿವಿ ಅದನ್ನು ಸರಿ ಮಾಡಿಕೊಳ್ಳುತ್ತದೆ. ಎಸ್ಪೆರಾಂಟೊದಲ್ಲಿ ನನಗೂ ಬ್ರೆಜಿಲಿನವನಿಗೂ ನಡುವೆ ಇರುವುದು ಆ ನಿಯಮಗಳು ಮಾತ್ರ. ನಾನು ಒಂದನ್ನು ಕಿತ್ತರೆ ಅವನ ಕಡೆ ಅದನ್ನು ತುಂಬಿಕೊಳ್ಳಲು ಏನೂ ಇಲ್ಲ. ಬಿಗಿ ಯಾಕೆ ಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಕಾಣುವುದಿಲ್ಲ.

ಹೆಜ್ಜೆ 2: ಕನ್ನಡ ನಮ್ಮನ್ನು ಎಲ್ಲಿ ಜಾರಿಸುತ್ತದೆ ನೋಡಿಕೊಳ್ಳಿ

ಈ ವಾಕ್ಯ ನೋಡಿ: "ಎರಡು ದೊಡ್ಡ ಪುಸ್ತಕ ಕೊಂಡೆ." ಇದರಲ್ಲಿ ಪುಸ್ತಕಕ್ಕೆ ಬಹುವಚನ ಇಲ್ಲ, "ಅನ್ನು" ಇಲ್ಲ. ದೊಡ್ಡ ಅನ್ನುವುದಕ್ಕೆ ಯಾವ ಪ್ರತ್ಯಯವೂ ಇಲ್ಲ. "ನಾನು" ಕೂಡ ಇಲ್ಲ. ಆದರೂ ಚೆಂದದ ಕನ್ನಡ. ಎಸ್ಪೆರಾಂಟೊದಲ್ಲಿ ಇದು "ಮಿ ಆಚೆತಿಸ್ ದು ಗ್ರಾಂದಾಯ್ನ್ ಲಿಬ್ರೊಯ್ನ್". ಲಿಬ್ರೊ ಅಂದರೆ ಪುಸ್ತಕ. ಅದಕ್ಕೆ ಬಹುವಚನದ "ಯ್", ಆಮೇಲೆ ಕರ್ಮದ "ನ್". ಗ್ರಾಂದಾ ಅಂದರೆ ದೊಡ್ಡ. ಅದಕ್ಕೂ ಅದೇ "ಯ್", ಅದೇ "ನ್". "ಮಿ" ಬಿಡುವ ಹಾಗಿಲ್ಲ, ಯಾಕೆಂದರೆ ಇಲ್ಲಿ ಕ್ರಿಯಾಪದ ನೋಡಿ ಯಾರು ಕೊಂಡರು ಅಂತ ಹೇಳಲಾಗದು. ಆಚೆತಿಸ್ ಎಂದರೆ ಕೊಂಡೆ, ಕೊಂಡ, ಕೊಂಡಳು, ಕೊಂಡರು ಎಲ್ಲವೂ ಹೌದು.

ಮಾಳಮಡ್ಡಿಯ ಒಂದು ಮನೆಯ ಕಟ್ಟೆಯ ಮೇಲೆ ಈ ವಾಕ್ಯದ ಮೇಲೆಯೇ ನಡೆದ ಮಾತು ಇದು. ಕಲಿಸುವವರು ನಿವೃತ್ತ ಮಾಸ್ತರು, ಕೇಳುವವಳು ಪಕ್ಕದ ಮನೆಯ ಕಾಲೇಜು ಹುಡುಗಿ.

"ಸರ್, ಎರಡು ಅಂದಮ್ಯಾಲೆ ಗೊತ್ತಾತಲ್ರೀ. ಮತ್ತ್ಯಾಕ ಬಹುವಚನ?"

"ನಿನಗ ಗೊತ್ತಾತು ತಂಗಿ. ಕೇಳಾಂವಗ ಗೊತ್ತಾಗಬೇಕಲ್ಲ."

"ಎರಡು ಅನ್ನೂದು ಅವಗೂ ಕೇಳಸ್ತದಲ್ರೀ."

"ಕೇಳಸ್ತದ. ಆದ್ರ ಯಾವ ವಿಶೇಷಣ ಯಾವ ನಾಮಪದಕ್ಕ ಸೇರತದ ಅಂತ ಅಂವ ಕಡೀ ಅಕ್ಷರ ನೋಡಿ ಹುಡುಕತಾನ. ಅದನ್ನ ನೀ ತಗದ್ರ ಅಂವ ಎಲ್ಲಿ ಹುಡುಕಬೇಕು?"

ಮಾಸ್ತರು ಹೇಳಿದ್ದು ಸರಿ. ಇನ್ನೊಂದು ಮಾತು ಸೇರಿಸಬೇಕು. ಹಂಗೇರಿಯನ್, ಟರ್ಕಿಶ್ ಭಾಷೆಗಳಲ್ಲೂ ಸಂಖ್ಯೆಯ ಮುಂದೆ ಏಕವಚನವೇ ಬರುತ್ತದೆ. ಆದರೂ ಆ ದೇಶದವರು ಎಸ್ಪೆರಾಂಟೊ ಬರೆಯುವಾಗ "ಯ್" ಹಾಕುತ್ತಾರೆ. ಎಲ್ಲರೂ ತಮ್ಮ ಮನೆಯ ಅನುಕೂಲವನ್ನು ಸ್ವಲ್ಪ ಬಿಟ್ಟುಕೊಟ್ಟಿದ್ದಾರೆ. ನಾವೊಬ್ಬರೇ ಬಿಡುವುದಿಲ್ಲ ಅಂದರೆ ಹೇಗೆ?

ಈಗ "ನ್" ವಿಷಯ. ಇಂಗ್ಲಿಷಿನಿಂದ ಬಂದವರಿಗೆ ಇದು ದೊಡ್ಡ ತಲೆನೋವು, ಕರ್ಮಕ್ಕೆ ಪ್ರತ್ಯಯ ಹಚ್ಚುವುದೇ ಅವರಿಗೆ ಹೊಸದು. ನಮಗೆ "ಅನ್ನು" ಇದೆ, ಕಲ್ಪನೆ ಹೊಸದಲ್ಲ. ಆದರೆ ನಮ್ಮ "ಅನ್ನು" ಬಂದು ಹೋಗುವ ಅತಿಥಿ. "ತಮ್ಮನ್ನ ಕರಿ" ಅನ್ನುವಾಗ ಬರಲೇಬೇಕು. "ನೀರು ತಾ" ಅನ್ನುವಾಗ ಬರುವುದಿಲ್ಲ. ಜನರಿಗೆ ಬೇಕು, ವಸ್ತುಗಳಿಗೆ ಬಿಟ್ಟರೂ ನಡೆಯುತ್ತದೆ. ಹಾಗಾಗಿ ಕನ್ನಡಿಗರು ಎಸ್ಪೆರಾಂಟೊದಲ್ಲಿ "ನ್" ಬಿಡುವುದು ಹೆಚ್ಚಾಗಿ ವಸ್ತುಗಳ ಹೆಸರಿನಲ್ಲೇ. ಮೊದಲ ಕೆಲವು ತಿಂಗಳು ನಿರ್ಜೀವ ಕರ್ಮಗಳ ಮೇಲೆಯೇ ಕಣ್ಣಿಡಿ. ಆಕ್ವೊ, ಪಾನೊ, ಲಿಬ್ರೊ, ಪೊರ್ದೊ, ಅಂದರೆ ನೀರು, ರೊಟ್ಟಿ, ಪುಸ್ತಕ, ಬಾಗಿಲು. ಇವುಗಳಿಗೆ ಹಚ್ಚುವುದು ಅಭ್ಯಾಸವಾದರೆ ಉಳಿದವು ತಾವಾಗಿ ಬರುತ್ತವೆ.

ಪರೀಕ್ಷೆ ಸುಲಭ. ಬರೆದ ವಾಕ್ಯದ ಕ್ರಿಯಾಪದಕ್ಕೆ ಗೆರೆ ಎಳೆಯಿರಿ. "ಏನನ್ನು?", "ಯಾರನ್ನು?" ಎಂದು ಕನ್ನಡದಲ್ಲಿ ಕೇಳಿ. ಉತ್ತರವಾಗಿ ಬಂದ ಪದಕ್ಕೆ "ನ್" ಬೇಕು. ಅದಕ್ಕೆ ಅಂಟಿದ ವಿಶೇಷಣಕ್ಕೂ ಬೇಕು. ಹಾಗಂತ ಎಲ್ಲ ಕಡೆ ಹಚ್ಚಬೇಡಿ. "ಚಿ ತಿಒ ಎಸ್ತಾಸ್ ನಿಆ ದೊಮೊ", ಇದು ನಮ್ಮ ಮನೆ. ಇಲ್ಲಿ "ಏನನ್ನು" ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ, "ನ್" ಬೇಡ.

ಇದೇ ವಾಕ್ಯದಲ್ಲಿ ಇನ್ನೊಂದು ಜಾರುವ ಜಾಗವಿದೆ. ಕನ್ನಡದಲ್ಲಿ "ಇದು ನಮ್ಮ ಮನೆ" ಅಂದರೆ ಮುಗಿಯಿತು, ಕ್ರಿಯಾಪದ ಬೇಡ. ಎಸ್ಪೆರಾಂಟೊದಲ್ಲಿ "ಎಸ್ತಾಸ್" ಬೇಕು.

ಮರ್ಯಾದೆಯ ಬಹುವಚನವನ್ನೂ ಇಲ್ಲಿ ಬಿಡಬೇಕಾಗುತ್ತದೆ. ಇದು ನಮ್ಮ ಕಡೆಯವರಿಗೆ ನಿಜಕ್ಕೂ ಕಷ್ಟ. ಎದುರಿನವರಿಗೆ ಎಲ್ಲರಿಗೂ "ವಿ" ಸಾಕು, ನೀನು, ನೀವು ಎಂಬ ಭೇದವಿಲ್ಲ. ಅದು ಸಲೀಸು. ಆದರೆ "ಸರ್ ಬಂದರು" ಅನ್ನುವಾಗ ಮನಸ್ಸು "ಇಲಿ" ಎಂಬ ಬಹುವಚನದ ಕಡೆ ಓಡುತ್ತದೆ. "ಇಲಿ ವೆನಿಸ್" ಅಂದರೆ ಕೇಳುವವನು ಎಷ್ಟು ಜನ ಬಂದರು ಎಂದು ತಲೆ ಕೆಡಿಸಿಕೊಳ್ಳುತ್ತಾನೆ. ಒಬ್ಬರಾದರೆ "ಲಿ" (ಅವನು) ಅಥವಾ "ಶಿ" (ಅವಳು). ಮರ್ಯಾದೆ ಬೇಕೆಂದರೆ ಹೆಸರಿನ ಮುಂದೆ ಗಂಡಸರಿಗೆ "ಸಿನ್ಯೊರೊ", ಹೆಂಗಸರಿಗೆ "ಸಿನ್ಯೊರಿನೊ" ಹಾಕಿ.

ಇಷ್ಟು ಬಿಗಿಯ ನಡುವೆ ಒಂದು ರಿಯಾಯಿತಿ ಇದೆ, ಅದೂ ಫ಼ುಂದಾಮೆಂತೊದಲ್ಲೇ. ಮೊದಲ ನಿಯಮ "ಲಾ" ಎಂಬ ನಿರ್ದೇಶಕ ಪದದ ಬಗ್ಗೆ, ಇಂಗ್ಲಿಷಿನ "ದಿ" ಇದ್ದ ಹಾಗೆ. ಕನ್ನಡದಲ್ಲಿ ಅಂಥದ್ದೊಂದು ಪದವೇ ಇಲ್ಲ. ಯಾರಿಗೆ ಅದರ ಬಳಕೆ ಕಷ್ಟವೋ ಅವರು ಮೊದಮೊದಲು ಅದನ್ನು ಪೂರ್ತಿ ಬಿಟ್ಟುಬಿಡಬಹುದು ಎಂದು ಅಲ್ಲೇ ಬರೆದಿದೆ. ರಷ್ಯನ್, ಪೋಲಿಷ್ ಭಾಷೆಗಳಲ್ಲೂ ನಿರ್ದೇಶಕ ಪದ ಇಲ್ಲ. ಜಾಮೆನ್‌ಹೋಫ್ ಅವರ ಸುತ್ತ ಇದ್ದವರಿಗೂ ನಮ್ಮದೇ ಕಷ್ಟವಿತ್ತು. ಆದ್ದರಿಂದ "ಲಾ" ಎಲ್ಲಿ ಹಾಕಲಿ ಎಂದು ಮೊದಲ ತಿಂಗಳು ತಲೆ ಕೆಡಿಸಿಕೊಳ್ಳಬೇಡಿ. ಓದುತ್ತಾ ಹೋದಂತೆ ಬರುತ್ತದೆ.

ಹೆಜ್ಜೆ 3: ಇಂಗ್ಲಿಷ್ ಪಕ್ಕಕ್ಕಿಟ್ಟು ಕನ್ನಡದಿಂದ ನೋಡಿ

ಈ ಹೆಜ್ಜೆಯ ಮೇಲೆ ನನಗೆ ಬಹಳ ಪ್ರೀತಿ. ಇಂಗ್ಲಿಷ್ ಪಾಠಗಳಲ್ಲಿ ಪುಟಗಟ್ಟಲೆ ವಿವರಿಸುವ ಎಷ್ಟೋ ನಿಯಮ ನಮಗೆ ಹುಟ್ಟಿನಿಂದ ಗೊತ್ತು.

ನೀರು ಕುದಿಯುವುದನ್ನೇ ತೆಗೆದುಕೊಳ್ಳಿ. ನೀರು ತಾನೇ ಕುದಿಯುತ್ತದೆ, ನಾವು ಕುದಿಸುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಆ ದಾರಿಯಿಂದ ಬಂದವರು "ಮಿ ಬೊಲಾಸ್ ಆಕ್ವೊನ್" ಎಂದು ಬರೆಯುತ್ತಾರೆ. ಅದು ತಪ್ಪು. ಬೊಲಿ ಅಂದರೆ ಕುದಿ. ಕುದಿಸುವುದಕ್ಕೆ "ಇಗ್" ಸೇರಿಸಬೇಕು: "ಮಿ ಬೊಲಿಗಾಸ್ ಆಕ್ವೊನ್". ನಮ್ಮ "ಇಸು" ಮಾಡುವ ಕೆಲಸವನ್ನೇ ಅಲ್ಲಿ "ಇಗ್" ಮಾಡುತ್ತದೆ. ಉಣ್ಣು, ಉಣಿಸು: ಮಾಂಜಿ, ಮಾಂಜಿಗಿ. ಓದು, ಓದಿಸು: ಲೆಗಿ, ಲೆಗಿಗಿ.

ಇದಕ್ಕೆ ಎದುರು ಇನ್ನೊಂದಿದೆ, "ಇಜ್". ನಮ್ಮ "ಆಗು", "ಕೊಳ್ಳು" ಇದ್ದ ಹಾಗೆ. "ಮಿ ಫ಼ೆರ್ಮಿಸ್ ಲಾ ಪೊರ್ದೊನ್", ಬಾಗಿಲು ಮುಚ್ಚಿದೆ. "ಲಾ ಪೊರ್ದೊ ಫ಼ೆರ್ಮಿಜಿಸ್", ಬಾಗಿಲು ಮುಚ್ಚಿಕೊಂಡಿತು. ಸಭೆ ಸುರು ಮಾಡಿದರು ಅಂದರೆ ಕೊಮೆಂತ್ಸಿಸ್, ಸಭೆ ಸುರುವಾಯ್ತು ಅಂದರೆ ಕೊಮೆಂತ್ಸಿಜಿಸ್. ಸಂಶಯ ಬಂದಾಗ ಮೊದಲು ಕನ್ನಡದಲ್ಲಿ ಹೇಳಿನೋಡಿ. ಮಾಡಿದ್ದೋ, ಆದದ್ದೋ? ಆದರೆ ಒಂದು ಎಚ್ಚರ ಬೇಕು. ಯಾವ ಧಾತು ಮೂಲದಲ್ಲೇ ಮಾಡುವುದು, ಯಾವುದು ಆಗುವುದು ಅಂತ ಪದಕೋಶದಲ್ಲಿ ನೋಡಿಯೇ ಕಲಿಯಬೇಕು, ಊಹೆ ಬೇಡ. ಬೊಲಿ ತಾನಾಗಿ ಆಗುವುದು, ಫ಼ೆರ್ಮಿ ಮಾಡುವುದು.

ಆಮೇಲೆ "ತನ್ನ". ಅವನು ತನ್ನ ಪುಸ್ತಕ ಓದುತ್ತಾನೆ, ಅವನು ಅವನ ಪುಸ್ತಕ ಓದುತ್ತಾನೆ. ಎರಡನೆಯದರಲ್ಲಿ ಬೇರೆ ಯಾರದೋ ಪುಸ್ತಕ ಎಂಬ ಅರ್ಥ ನಮಗೆ ಹೊಳೆಯುತ್ತದೆ, ಅಲ್ವಾ? ಎಸ್ಪೆರಾಂಟೊದಲ್ಲಿ "ಲಿ ಲೆಗಾಸ್ ಸಿಆನ್ ಲಿಬ್ರೊನ್" ಅಂದರೆ ತನ್ನ ಪುಸ್ತಕ, "ಲಿಆನ್ ಲಿಬ್ರೊನ್" ಅಂದರೆ ಇನ್ನೊಬ್ಬನ ಪುಸ್ತಕ. ಇಂಗ್ಲಿಷಿನವರು ವರ್ಷಗಟ್ಟಲೆ ಎಡವುವ ಜಾಗ ಇದು. ನಾವು ಕನ್ನಡವನ್ನು ನಂಬಿದರೆ ಸಾಕು.

ಹೇಳಿದ ಮಾತನ್ನು ವರದಿ ಮಾಡುವಾಗಲೂ ಹೀಗೇ. "ಬರ್ತೀನಿ ಅಂತ ಹೇಳಿದ" ಅನ್ನುವಾಗ ನಾವು ಕಾಲ ಬದಲಿಸುವುದಿಲ್ಲ. "ಲಿ ದಿರಿಸ್, ಕೆ ಲಿ ವೆನೊಸ್". ವೆನೊಸ್ ಭವಿಷ್ಯತ್ತಾಗಿಯೇ ಉಳಿಯುತ್ತದೆ. ಪುರುಷ ಮಾತ್ರ "ಅವನು" ಆಗುತ್ತದೆ. ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣಕ್ಕಾಗಿ ಉರುಹೊಡೆದ ಕಾಲ ಪಲ್ಲಟವನ್ನು ಇಲ್ಲಿ ತರಬೇಡಿ.

ಸಂತೆಗೆ, ಸಂತೆಯಲ್ಲಿ ಎಂಬ ಭೇದವೂ ಅಲ್ಲಿದೆ. "ಮಿ ಪ್ರೊಮೆನಾಸ್ ಎನ್ ಲಾ ಬಾಜ಼ಾರೊ", ಸಂತೆಯಲ್ಲಿ ಅಡ್ಡಾಡುತ್ತಿದ್ದೇನೆ. "ಮಿ ಇರಾಸ್ ಎನ್ ಲಾ ಬಾಜ಼ಾರೊನ್", ಸಂತೆಯೊಳಗೆ ಹೋಗುತ್ತಿದ್ದೇನೆ. ಎರಡನೆಯದರ "ನ್" ಕರ್ಮದ್ದಲ್ಲ, ಹೋಗುವ ದಿಕ್ಕಿನದು.

ಮಳೆ ಬರುತ್ತಿದೆ ಅನ್ನಲು ಒಂದೇ ಪದ ಸಾಕು, "ಪ್ಲುವಾಸ್". ಇಂಗ್ಲಿಷಿನ ಹಾಗೆ ಮುಂದೆ "ಅದು" ಹಾಕಬಾರದು. "ಆ ಪುಸ್ತಕ ನನಗೆ ಇಷ್ಟ" ಅನ್ನುವುದನ್ನು "ಲಾ ಲಿಬ್ರೊ ಪ್ಲಾಚಾಸ್ ಆಲ್ ಮಿ" ಎಂದು ನಮ್ಮ "ನನಗೆ" ಉಳಿಸಿಕೊಂಡೇ ಹೇಳಬಹುದು. ಪೂರ್ತಿ ಶುದ್ಧ ಎಸ್ಪೆರಾಂಟೊ. ಆದರೆ ಎಲ್ಲ "ನನಗೆ"ಗಳೂ ಹೀಗೆ ಬರುವುದಿಲ್ಲ. ನನಗೆ ಹಸಿವಾಗಿದೆ ಅಂದರೆ "ಮಿ ಮಾಲ್‌ಸಾತಾಸ್", ಅಲ್ಲಿ ನಾನೇ ಕರ್ತೃ.

ಹೆಜ್ಜೆ 4: ಸಡಿಲ ಇರುವಲ್ಲಿ ಧಾರಾಳವಾಗಿ ಆಡಿ

"ನ್" ಬಿಗಿಯಾಗಿ ಹಿಡಿದದ್ದಕ್ಕೆ ಸಿಗುವ ಬಹುಮಾನ ಇದು: ಪದಗಳ ಕ್ರಮ ನಿಮ್ಮ ಕೈಗೆ ಬರುತ್ತದೆ. "ಮಿ ಲೆಗಾಸ್ ಲಿಬ್ರೊನ್" ಸರಿ. "ಮಿ ಲಿಬ್ರೊನ್ ಲೆಗಾಸ್" ಕೂಡ ಸರಿ. ಎರಡನೆಯದು ಅಚ್ಚ ಕನ್ನಡದ ಕ್ರಮ. "ಲಾ ಕಾತೊನ್ ಮೊರ್ದಿಸ್ ಲಾ ಹುಂದೊ" ಅಂದರೂ ಕಚ್ಚಿದ್ದು ನಾಯಿಯೇ, ಕಚ್ಚಿಸಿಕೊಂಡದ್ದು ಬೆಕ್ಕೇ. ಕರ್ತೃ, ಕ್ರಿಯಾಪದ, ಕರ್ಮ ಎಂಬ ಸಾಲು ಹೆಚ್ಚು ಬಳಕೆಯಲ್ಲಿದೆ ನಿಜ. ಅದು ರೂಢಿ ಮಾತ್ರ. ಒತ್ತು ಬೇಕಾದ ಪದವನ್ನು ಮುಂದೆ ತನ್ನಿ, ಯಾರೂ ತಪ್ಪೆನ್ನಲಾರರು. "ಚು" ಎಂಬ ಪ್ರಶ್ನೆಯ ಪದ ಮಾತ್ರ ವಾಕ್ಯದ ಮೊದಲಿಗೇ ಬರಲಿ. ನಮ್ಮ "ಬರ್ತೀರಾ?" ಅಲ್ಲಿ "ಚು ವಿ ವೆನಾಸ್?" ಆಗುತ್ತದೆ. ಕೊನೆಗೆ "ಚು ನೆ?" ಎಂದು ಸೇರಿಸಿದರೆ ಅದು ನಮ್ಮ "ಅಲ್ವಾ?"

"ತಿಂದು ಬಂದೆ" ಎಂಬ ಕನ್ನಡದ ನಡಿಗೆಯನ್ನೂ ಉಳಿಸಿಕೊಳ್ಳಬಹುದು: "ಮಾಂಜಿಂತೆ, ಮಿ ವೆನಿಸ್". "ಇಂತೆ" ಹಚ್ಚಿದ ಕೆಲಸ ಮಾಡಿದವರೂ ಮುಖ್ಯ ವಾಕ್ಯದ ಕರ್ತೃವೂ ಒಬ್ಬರೇ ಆಗಿರಬೇಕು ಎಂಬ ಷರತ್ತಿದೆ. ಕನ್ನಡದಲ್ಲೂ ಸಾಮಾನ್ಯವಾಗಿ ಅದೇ ಷರತ್ತು. ನಮ್ಮ ಹಾಗೆ ಎದ್ದು, ತೊಳೆದು, ಉಂಡು, ಹೋಗಿ ಎಂದು ನಾಲ್ಕೈದು ಪೋಣಿಸಿದರೆ ಮಾತ್ರ ಓದುವವರಿಗೆ ಭಾರ. ಒಂದು ಸಾಕು. "ನಾನು ಓದಿದ ಪುಸ್ತಕ" ಎಂಬುದನ್ನು "ಲಾ ದೆ ಮಿ ಲೆಗಿತಾ ಲಿಬ್ರೊ" ಎಂದು ಕನ್ನಡದ ಅಚ್ಚಿನಲ್ಲೇ ಕಟ್ಟಬಹುದು. ವ್ಯಾಕರಣ ಅಡ್ಡಿ ಮಾಡುವುದಿಲ್ಲ. ಆದರೂ "ಲಾ ಲಿಬ್ರೊ, ಕಿಉನ್ ಮಿ ಲೆಗಿಸ್" ಎಂಬುದೇ ಸಲೀಸು. ಇಲ್ಲಿ ನಾನು ರೂಢಿಯ ಪಕ್ಷ.

ಪದ ಕಟ್ಟುವ ಆಟ ಇನ್ನೂ ದೊಡ್ಡದು. "ಎಯ್" ಅಂದರೆ ಜಾಗ. ಲೆರ್ನಿ ಕಲಿ, ಲೆರ್ನೆಯೊ ಶಾಲೆ. ಬುಸ್‌ಹಾಲ್ತೆಯೊ ಬಸ್ ನಿಲ್ಲುವ ಜಾಗ. ಕೂಡುಪದದಲ್ಲಿ ಮುಖ್ಯ ಪದ ಕೊನೆಗೆ ಬರುತ್ತದೆ, ಕನ್ನಡದ ಹಾಗೇ. ಇಂಗ್ಲಿಷಿನ "ಅಂಕಲ್" ಇದ್ದ ಹಾಗೆ ಅಲ್ಲೂ "ಒಂಕ್ಲೊ" ಎಂಬ ಒಂದೇ ಪದವಿದೆ. ಕಾಕಾನೂ ಅದೇ, ಮಾಮಾನೂ ಅದೇ. ನಮಗೆ ಅದು ಸಾಲದು. ಹಾಗಾದರೆ ಕಟ್ಟಿಕೊಳ್ಳಿ. ಪಾತ್ರೊ ತಂದೆ, ಪಾತ್ರಿನೊ ತಾಯಿ, ಫ಼್ರಾತೊ ಸೋದರ. ಕಾಕಾ "ಪಾತ್ರೊಫ಼್ರಾತೊ", ಸೋದರಮಾವ "ಪಾತ್ರಿನ್‌ಫ಼್ರಾತೊ". ಮೊದಲ ಸಲ ಕೇಳಿದವರಿಗೂ ಅರ್ಥವಾಗುತ್ತದೆ, ಯಾವ ನಿಯಮವೂ ಮುರಿಯುವುದಿಲ್ಲ. ವಿಶೇಷಣವನ್ನು ಕ್ರಿಯಾಪದ ಮಾಡುವುದೂ ಹೀಗೇ. ಬ್ಲುಆ ನೀಲಿ. "ಲಾ ಚಿಎಲೊ ಬ್ಲುಆಸ್", ಆಕಾಶ ನೀಲಿಯಾಗಿ ಹೊಳೆಯುತ್ತಿದೆ. ದಿನನಿತ್ಯದ ಬರಹದಲ್ಲಿ "ಎಸ್ತಾಸ್ ಬ್ಲುಆ" ಸಾಕು. ಕವಿತೆಗೆ, ಚುರುಕಾದ ಮಾತಿಗೆ ಇದು ಚೆಂದ.

ನಮ್ಮೂರಿನ ವಸ್ತುಗಳಿಗೆ ಏನು ಮಾಡುವುದು? ಗಿರ್ಮಿಟ್‌ಗೆ ಎಸ್ಪೆರಾಂಟೊ ಪದ ಇಲ್ಲ. ಅಂತರರಾಷ್ಟ್ರೀಯ ಪದಗಳನ್ನು ಹಾಗೇ ತೆಗೆದುಕೊಳ್ಳಬಹುದು ಎಂಬುದು 15ನೇ ನಿಯಮ. ಆದರೆ ಗಿರ್ಮಿಟ್ ಧಾರವಾಡ ದಾಟಿ ಬೆಂಗಳೂರಿನಲ್ಲೇ ಎಲ್ಲರಿಗೂ ಗೊತ್ತಿಲ್ಲ. ಹಾಗಾಗಿ ಮೊದಲು ಬಿಡಿಸಿ ಹೇಳಿ. ಪುಫ಼ಾ ಅಂದರೆ ಉಬ್ಬಿದ, ಪುಫ಼ಿಗಿ ಉಬ್ಬಿಸು, ಪುಫ಼ಿಗಿತಾ ಉಬ್ಬಿಸಿದ. "ಪುಫ಼ಿಗಿತಾ ರಿಜ಼ೊ ಕುನ್ ತ್ಸೆಪೊಯ್ ಕಾಯ್ ತೊಮಾತೊಯ್", ಉಳ್ಳಾಗಡ್ಡಿ, ಟೊಮೆಟೊ ಹಾಕಿದ ಚುರುಮುರಿ. ಇಷ್ಟಾದ ಮೇಲೆ "ನಾವು ಇದನ್ನು ಗಿರ್ಮಿತೊ ಅನ್ನುತ್ತೇವೆ" ಎಂದು ಹೆಸರಿಡಿ. ಮುಂದಿನ ವಾಕ್ಯದಿಂದ ಗಿರ್ಮಿತೊನ್ ಎಂದು ಧಾರಾಳವಾಗಿ ಬಳಸಿ. ಜೋಳಕ್ಕೆ ಸೊರ್ಗೊ ಎಂಬ ಪದ ಆಗಲೇ ಇದೆ, ಜೋಳದ ರೊಟ್ಟಿ "ಸೊರ್ಗಾ ಪಾನೊ" ಆಗುತ್ತದೆ. ಇದ್ದ ಪದ ಹುಡುಕದೆ ಹೊಸದು ಹುಟ್ಟಿಸುವುದು ಬೇಡ. ಊರಿನ ಹೆಸರನ್ನು ಹಾಗೇ ಇಡಬಹುದು, ಇಲ್ಲವೇ "ದಾರ್ವಾದೊ" ಎಂದು ಒಗ್ಗಿಸಬಹುದು. ಒಗ್ಗಿಸಿದರೆ "ನ್" ಹಚ್ಚಲು ಅನುಕೂಲ. ನಮ್ಮ ದೇಶಕ್ಕೇ ಬಾರಾತೊ, ಹಿಂದಿಒ ಎಂಬ ಎರಡು ಹೆಸರು ಬಳಕೆಯಲ್ಲಿವೆ.

ಹೆಜ್ಜೆ 5: ಇನ್ನೂ ಜಗಳ ನಡೆದಿರುವ ಕಡೆ ಕೇಳಿಸಿಕೊಳ್ಳಿ, ಅವಸರ ಬೇಡ

"ಮಾಲ್" ಹಚ್ಚಿದರೆ ವಿರುದ್ಧಾರ್ಥ. ಲೊಂಗಾ ಉದ್ದ, ಮಾಲ್‌ಲೊಂಗಾ ಗಿಡ್ಡ. ಯುನಾ ಎಳೆಯ, ಮಾಲ್‌ಯುನಾ ಮುದಿ. ಕವಿಗಳು ಇದು ಉದ್ದವಾಯಿತೆಂದು ಕುರ್ತಾ, ಒಲ್ದಾ ಎಂಬ ಚಿಕ್ಕ ಪದಗಳನ್ನು ತಂದಿದ್ದಾರೆ. ಓದುವಾಗ ಗುರುತಿಸಿ, ಬರೆಯುವಾಗ ಬಳಸಬೇಡಿ. ಈ ಭಾಷೆಯ ಅನುಕೂಲವೇ ಕಡಿಮೆ ಧಾತುಗಳಲ್ಲಿ ಜಾಸ್ತಿ ಹೇಳುವುದು.

ಹೊಸ ರೂಪಗಳ ಬಗ್ಗೆ ಫ಼ುಂದಾಮೆಂತೊದ ಮುನ್ನುಡಿಯಲ್ಲಿ ಒಳ್ಳೆಯ ಸೂತ್ರವಿದೆ. ಹೊಸದು ಹಳೆಯದರ ಪಕ್ಕದಲ್ಲಿ ಬರಬಹುದು, ಹಳೆಯದು ಮಾತ್ರ ಎಂದಿಗೂ ತಪ್ಪಾಗುವುದಿಲ್ಲ. ರಸಾಯನಶಾಸ್ತ್ರಕ್ಕೆ ಮೊದಲು ಖ಼ೆಮಿಒ ಎನ್ನುತ್ತಿದ್ದರು, ಈಗ ಹೆಚ್ಚಾಗಿ ಕೆಮಿಒ. ಯಾರೂ ಆಜ್ಞೆ ಮಾಡಲಿಲ್ಲ, ಜನ ಕ್ರಮೇಣ ಸರಿದರು.

ಟೈಪ್ ಮಾಡುವಾಗ ಟೊಪ್ಪಿಗೆ ಅಕ್ಷರ ಸಿಗದಿದ್ದರೆ ಅಕ್ಷರದ ನಂತರ ಎಚ್ ಹಾಕಬಹುದು ಎಂದು ಫ಼ುಂದಾಮೆಂತೊ ಒಪ್ಪುತ್ತದೆ. ಎಕ್ಸ್ ಹಾಕುವ ಪದ್ಧತಿ ಅದರಲ್ಲಿ ಇಲ್ಲ. ಆದರೂ ಕಂಪ್ಯೂಟರ್ ಬಂದ ಮೇಲೆ ಅದು ಎಲ್ಲ ಕಡೆ ನಡೆಯುತ್ತದೆ, ಗೊಂದಲವೂ ಆಗುವುದಿಲ್ಲ. ನೀವೂ ಬಳಸಿ.

"ಲಿ", "ಶಿ" ಎರಡೂ ಬೇಡ ಎನ್ನುವವರಿಗೆ "ರಿ" ಎಂಬ ಸರ್ವನಾಮ ಹರಡುತ್ತಿದೆ, ಯುವಕರಲ್ಲಿ ಜಾಸ್ತಿ. ಫ಼ುಂದಾಮೆಂತೊದಲ್ಲಿ ಇದಿಲ್ಲ. ಆದರೆ ಇದು ಏನನ್ನೂ ತೆಗೆಯುವುದಿಲ್ಲ, ಒಂದನ್ನು ಸೇರಿಸುತ್ತದೆ ಅಷ್ಟೇ. ಒಬ್ಬರು ತಮಗೆ "ರಿ" ಎನ್ನಿ ಎಂದರೆ ಹಾಗೇ ಅನ್ನಿ. ಅದೇ "ನ್" ಬದಲಿಗೆ "ನಾ" ಎಂಬ ಪದ ಮುಂದಿಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದು ಭಾಷೆಯ ಎಲುಬಿಗೇ ಕೈ ಹಾಕುತ್ತದೆ.

ಯಾವುದು ಎಷ್ಟು ಬಳಕೆಯಲ್ಲಿದೆ ಎಂದು ನೋಡಲು ತೆಕ್ಸ್ತಾರೊ ಎಂಬ ಪಠ್ಯಸಂಗ್ರಹ ಅಂತರ್ಜಾಲದಲ್ಲಿ ಉಚಿತವಾಗಿದೆ. ಪದ ಹಾಕಿ ಹುಡುಕಿದರೆ ಯಾವ ಬರಹಗಳಲ್ಲಿ ಬಂದಿದೆ ಎಂದು ಸಾಲುಸಾಲಾಗಿ ತೋರಿಸುತ್ತದೆ.

ಹೆಜ್ಜೆ 6: ದಿನದ ಅಭ್ಯಾಸ

ಪಾಠಕ್ಕೆ 2002ರಿಂದ ನಡೆದಿರುವ ಲೆರ್ನು ತಾಣ ಚೆನ್ನಾಗಿದೆ. ಡ್ಯುಯೊಲಿಂಗೊದಲ್ಲಿ 2015ರಲ್ಲಿ ಇಂಗ್ಲಿಷ್ ಬಲ್ಲವರಿಗಾಗಿ ಕೋರ್ಸ್ ಬಂತು. ಯಾವುದನ್ನೇ ಹಿಡಿದರೂ ಪಕ್ಕದಲ್ಲಿ ಫ಼ುಂದಾಮೆಂತೊದ ಅಭ್ಯಾಸ ಪಾಠಗಳನ್ನು ಇಟ್ಟುಕೊಳ್ಳಿ. 16 ನಿಯಮಗಳಲ್ಲಿ ಹೇಳದೆ ಬಿಟ್ಟದ್ದು ಎಷ್ಟೋ ಆ ವಾಕ್ಯಗಳಲ್ಲಿದೆ.

ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಓಡಾಡುವವರು ಕಿಟಕಿಯಿಂದ ಕಂಡದ್ದನ್ನು ಮನಸ್ಸಿನಲ್ಲೇ ಹೇಳುತ್ತಾ ಹೋಗಿ. "ಮಿ ವಿದಾಸ್" ಎಂದು ಸುರು ಮಾಡಿದರೆ ಮುಂದೆ ಬರುವುದಕ್ಕೆಲ್ಲ "ನ್" ಬೇಕು. ಲಾಗೊನ್, ಆರ್ಬೊಯ್ನ್, ಗ್ರಾಂದಾನ್ ದೊಮೊನ್. ಉಣಕಲ್ ಕೆರೆ ಬರುವಷ್ಟರಲ್ಲಿ ನಾಲಿಗೆ ಹದಕ್ಕೆ ಬಂದಿರುತ್ತದೆ. ಸಂಜೆ ಐದಾರು ಸಾಲು ಬರೆಯಿರಿ. ಬರೆಯುವಾಗ ತಿದ್ದಬೇಡಿ, ಮುಗಿದ ಮೇಲೆ ಮೂರು ಸಲ ಓದಿ. ಒಂದು ಸಲ "ನ್" ಮಾತ್ರ ನೋಡಿ, ಒಂದು ಸಲ "ಯ್" ಮಾತ್ರ. ಮೂರನೇ ಸಲ, ಕನ್ನಡವೂ ಇಂಗ್ಲಿಷೂ ಬಾರದವನಿಗೆ ಇದು ತಿಳಿಯುತ್ತದೆಯೇ ಎಂದು ಕೇಳಿಕೊಳ್ಳಿ. "ಚಹಾ ಗಿಹಾ" ಎಂಬಂಥ ನಮ್ಮ ಮಾತಿನ ಸೊಗಸು ಅಲ್ಲಿ ಸಾಗುವುದಿಲ್ಲ. ಅದನ್ನು "ತೆಒ ಕಾಯ್ ತಿಏಲ್ ಪ್ಲು", ಚಹಾ ಮುಂತಾದ್ದು ಎಂದು ಬಿಡಿಸಬೇಕು.

ಜೊತೆಗೆ ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಕೆಲಗೇರಿ ಕೆರೆಯ ದಂಡೆಯ ಮೇಲೆ ಅಡ್ಡಾಡುತ್ತಾ ಮಾತಾಡಬಹುದು. ಇಬ್ಬರೂ ಕನ್ನಡಿಗರಾದರೆ ಒಂದು ಅಪಾಯ ಮಾತ್ರ ಇದೆ. ಇಬ್ಬರೂ ಒಂದೇ ತಪ್ಪು ಮಾಡುತ್ತೀರಿ, ಇಬ್ಬರಿಗೂ ಅದು ಸರಿಯಾಗಿ ಕೇಳುತ್ತದೆ. ಹಾಗಾಗಿ ಆಗಾಗ ಬೇರೆ ದೇಶದವರಿಗೆ ಬರೆದು ತಿದ್ದಿಸಿಕೊಳ್ಳಿ.

ಅವರು ತಿದ್ದಿದಾಗ "ಕಿಉ ರೆಗುಲೊ?" ಎಂದು ವಿನಯದಿಂದ ಕೇಳಿ, ಅಂದರೆ ಯಾವ ನಿಯಮ. ನಿಯಮ ತೋರಿಸಿದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅದೇ ದಿನ ಅದರ ಮೇಲೆ ಹೊಸ ವಾಕ್ಯ ಕಟ್ಟಿ. "ನಾವು ಹಾಗೆ ಹೇಳುವುದಿಲ್ಲ" ಎಂದಷ್ಟೇ ಅಂದರೆ, ಅವರ ಮಾತೃಭಾಷೆ ಯಾವುದು ಕೇಳಿ. ಆಮೇಲೆ ಬೇರೆ ಭಾಷೆಯ ಇನ್ನೊಬ್ಬರಿಗೂ ಅದೇ ವಾಕ್ಯ ತೋರಿಸಿ. ಅವರಿಗೆ ಸಲೀಸಾಗಿ ತಿಳಿದರೆ ನಿಮ್ಮ ವಾಕ್ಯವನ್ನು ಹಾಗೇ ಇಟ್ಟುಕೊಳ್ಳಿ.